ಸೊಂಟ ನೋವಿಗೆ ಮಾಲೀಸು: ಎಷ್ಟು ಉಪಯೋಗ, ಎಲ್ಲಿ ಅಪಾಯ?



ಹಸು ಒಂದು ಹೊತ್ತು ಮೇವು ಬಿಟ್ಟರೆ ಅಂದೇ ಸಂಘಕ್ಕೆ ಬಂದು ತಿಳಿಸುತ್ತೀರಿ. ಕೆಚ್ಚಲು ಬಾತರೆ ರಾತ್ರಿಯಲ್ಲೇ ಫೋನು ಮಾಡುತ್ತೀರಿ. ಆದರೆ ನಿಮ್ಮದೇ ಸೊಂಟ ಹಿಡಿದುಕೊಂಡರೆ ತಿಂಗಳುಗಟ್ಟಲೆ ಯಾರಿಗೂ ಹೇಳುವುದಿಲ್ಲ. ಶಿಬಿರ ಮುಗಿದು ನಾವು ಕೈ ತೊಳೆಯುವಾಗ ಯಾರಾದರೊಬ್ಬರು ಹತ್ತಿರ ಬಂದು, "ಡಾಕ್ಟ್ರೇ, ಹಸುವಿಗೆ ಬರೆದ ಹಾಗೆ ನನ್ನ ಸೊಂಟಕ್ಕೂ ಏನಾದರೂ ಬರೆದುಕೊಡಿ" ಎಂದು ಮೆಲ್ಲಗೆ ಕೇಳುವುದುಂಟು. ಮನುಷ್ಯರಿಗೆ ಔಷಧಿ ಬರೆಯುವ ಅಧಿಕಾರ ಪಶುವೈದ್ಯರಿಗಿಲ್ಲ. ಆದರೂ ಈ ಲೇಖನ ಬರೆಯಲು ಎರಡು ಕಾರಣಗಳಿವೆ. ಮೊದಲನೆಯದು, ಸೊಂಟ ನೋವಿಗೆ ನಮ್ಮ ಹಳ್ಳಿಗಳಲ್ಲಿ ಮೊದಲು ಮಾಡುವ ಉಪಚಾರ ಮಾಲೀಸು. ಅದರಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ತಿಳಿದು ಮಾಡಿಸಿಕೊಂಡರೆ ಒಳ್ಳೆಯದು. ಎರಡನೆಯದು, ಒಂದು ಬಗೆಯ ಸೊಂಟ ನೋವು ಕೊಟ್ಟಿಗೆಯಿಂದಲೇ ಬರುತ್ತದೆ. ಅದನ್ನು ನಿಮಗೆ ತಿಳಿಸುವುದು ಪಶುವೈದ್ಯನ ಕೆಲಸವೇ ಆಗಿದೆ.

ಹಸುವಿನ ಬೆನ್ನು, ನಮ್ಮ ಬೆನ್ನು

ಹಸುವಿಗೂ ನಮಗೂ ಕತ್ತಿನಲ್ಲಿ 7 ಮೂಳೆಗಳಿವೆ. ಎದೆಯ ಭಾಗದಲ್ಲಿ ಹಸುವಿಗೆ 13, ನಮಗೆ 12. ಸೊಂಟದ ಭಾಗದಲ್ಲಿ ಹಸುವಿಗೆ 6, ನಮಗೆ 5. ಲೆಕ್ಕದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ, ನಿಲುವಿನಲ್ಲಿದೆ. ಹಸುವಿನ ಬೆನ್ನು ನಾಲ್ಕು ಕಂಬಗಳ ಮೇಲೆ ಅಡ್ಡಲಾಗಿ ಇಟ್ಟ ತೊಲೆಯಂತೆ. ನಮ್ಮದು ನೆಟ್ಟಗೆ ನಿಲ್ಲಿಸಿದ ಕಂಬ. ಆದ್ದರಿಂದ ಮೇಲಿನ ಭಾರವೆಲ್ಲ ಸೊಂಟದ ಕೆಳಗಿನ ಮೂಳೆಗಳ ಮೇಲೆ ಬೀಳುತ್ತದೆ. ಮೂಳೆ ಮೂಳೆಗಳ ನಡುವೆ ಮೆತ್ತೆಯಂತೆ ಕೆಲಸ ಮಾಡುವ ಡಿಸ್ಕ್‌ಗಳಿವೆ. ಕಂಬ ವಾಲದಂತೆ ಎರಡೂ ಕಡೆ ಹಗ್ಗ ಕಟ್ಟಿದ ಹಾಗೆ ಮಾಂಸಖಂಡಗಳು ಹಿಡಿದುಕೊಂಡಿವೆ.

ಸೊಂಟ ನೋವು ಎಂದು ಬರುವ ಹತ್ತು ಜನರಲ್ಲಿ ಸುಮಾರು ಒಂಬತ್ತು ಮಂದಿಗೆ ಇಂತಹುದೇ ರೋಗ ಎಂದು ಬೆಟ್ಟು ಮಾಡಿ ತೋರಿಸುವಂತಹ ಕಾರಣ ಸಿಗುವುದಿಲ್ಲ. ಮಾಂಸಖಂಡ, ಕೀಲು, ಡಿಸ್ಕ್ ಇವುಗಳಿಗೆ ಬಿದ್ದ ಒತ್ತಡದಿಂದ ನೋವು ಬಂದಿರುತ್ತದೆ. ಇಂತಹ ಹೊಸ ನೋವು ಬಹಳಷ್ಟು ಜನರಿಗೆ ಕೆಲವೇ ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಉಳಿದ ಒಬ್ಬರಲ್ಲಿ ಮಾತ್ರ ಗಮನ ಕೊಡಲೇಬೇಕಾದ ಕಾಯಿಲೆ ಅಡಗಿರಬಹುದು. ಆ ಒಬ್ಬರನ್ನು ಗುರುತಿಸುವುದೇ ಮುಖ್ಯ. ಅದನ್ನು ಮುಂದೆ ನೋಡೋಣ.

ಹೈನುಗಾರರ ಸೊಂಟವೇ ಏಕೆ ಹಿಡಿಯುತ್ತದೆ?

ಬೆಳಿಗ್ಗೆ ಎದ್ದು ಬಗ್ಗಿ ಸಗಣಿ ಬಾಚುವುದು, ಮಂಕರಿ ಎತ್ತುವುದು, ಕುಕ್ಕರಗಾಲಿನಲ್ಲಿ ಕುಳಿತು ಹಾಲು ಕರೆಯುವುದು, ತಲೆಯ ಮೇಲೆ ಹುಲ್ಲಿನ ಹೊರೆ, 50 ಕಿಲೋ ಪಶು ಆಹಾರದ ಚೀಲ, ಸಂಘದಲ್ಲಿ ಕ್ಯಾನು ಎತ್ತಿ ಇಳಿಸುವುದು. 40 ಲೀಟರ್ ಹಾಲು ತುಂಬಿದ ಕ್ಯಾನಿನಲ್ಲಿ ಹಾಲೇ 41 ಕಿಲೋ ಇರುತ್ತದೆ. ಕ್ಯಾನಿನ ತೂಕ ಬೇರೆ.

ತೂಕಕ್ಕಿಂತ ಅದನ್ನು ಎತ್ತುವ ರೀತಿ ಮುಖ್ಯ. ಹಿಂದೆ ಬಾವಿಯಿಂದ ನೀರೆತ್ತುತ್ತಿದ್ದ ಏತವನ್ನು ನೆನಪಿಸಿಕೊಳ್ಳಿ. ನಮ್ಮ ಸೊಂಟವೂ ಒಂದು ಏತ. ಡಿಸ್ಕ್ ಅದರ ಆಧಾರ. ಬೆನ್ನಿನ ಮಾಂಸಖಂಡ ಆ ಆಧಾರದಿಂದ ಸುಮಾರು 5 ಸೆಂಟಿಮೀಟರ್ ಹಿಂದೆ ನಿಂತು ಎಳೆಯುತ್ತದೆ. 15 ಕಿಲೋ ತೂಕದ ಬಕೆಟ್ಟನ್ನು ಸೊಂಟದಿಂದ 40 ಸೆಂಟಿಮೀಟರ್ ಮುಂದಕ್ಕೆ ಹಿಡಿದರೆ ಅದನ್ನು ಸರಿದೂಗಿಸಲು ಮಾಂಸಖಂಡ ಎಂಟು ಪಟ್ಟು, ಅಂದರೆ ಸುಮಾರು 120 ಕಿಲೋ ಬಲದಿಂದ ಎಳೆಯಬೇಕು. ಅದೇ ಬಕೆಟ್ಟನ್ನು ಮೈಗೆ ಹತ್ತಿರ, 20 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ 60 ಕಿಲೋ ಸಾಕು. ಬಕೆಟ್ ಅದೇ, ಹಾಲು ಅದೇ. ಬೆನ್ನಿನ ಹೊರೆ ಮಾತ್ರ ಅರ್ಧ. ಬಗ್ಗಿದಾಗ ನಮ್ಮದೇ ಮೈಯ ಮೇಲರ್ಧದ ಭಾರವೂ ಈ ಲೆಕ್ಕಕ್ಕೆ ಸೇರುತ್ತದೆ.

ಕ್ರೀಡಾ ಮಾಲೀಸು ಎಂದರೇನು?

ಇದು ನಮಗೆ ಹೊಸದೇನಲ್ಲ. ಮೈಸೂರು ಸೀಮೆಯ ಗರಡಿ ಮನೆಗಳಲ್ಲಿ ಪೈಲ್ವಾನರು ದಂಡ, ಬಸ್ಕಿ ಹೊಡೆದು, ಮಟ್ಟಿಯಲ್ಲಿ ಸೆಣಸಿದ ಮೇಲೆ ಒಬ್ಬರಿಗೊಬ್ಬರು ಮೈ ತಿಕ್ಕಿಕೊಳ್ಳುವುದನ್ನು ನೀವು ನೋಡಿರಬಹುದು. ಯೂರೋಪಿನಲ್ಲಿ ಸ್ವೀಡನ್ ದೇಶದ ಪೆರ್ ಹೆನ್ರಿಕ್ ಲಿಂಗ್ ಎಂಬುವರು 1813ರಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ಅಂಗಸಾಧನೆಯ ಸಂಸ್ಥೆ ಸ್ಥಾಪಿಸಿ, ವ್ಯಾಯಾಮದ ಜೊತೆಗೆ ಅಂಗಮರ್ದನವನ್ನೂ ಕಲಿಸುವ ಪರಂಪರೆಗೆ ದಾರಿ ಮಾಡಿದರು. ಇಂದು ಆಟಗಾರರ ತಂಡಗಳೊಂದಿಗೆ ಮಾಲೀಸು ಮಾಡುವವರು ಇರುತ್ತಾರೆ. ಆಟಗಾರರಿಗೆಂದು ಬೆಳೆದ ಈ ವಿಧಾನವನ್ನೇ ಸೊಂಟ ನೋವಿಗೂ ಬಳಸಲಾಗುತ್ತಿದೆ. ಇದರಲ್ಲಿ ಮುಖ್ಯವಾಗಿ ನಾಲ್ಕು ಕ್ರಮಗಳಿವೆ.

1. ನೀವುವುದು: ಅಂಗೈಯನ್ನು ಅಗಲವಾಗಿ ಇಟ್ಟು, ಹಗುರವಾಗಿ ಉದ್ದಕ್ಕೆ ಸವರುವುದು. ಆರಂಭ ಮತ್ತು ಮುಕ್ತಾಯ ಎರಡೂ ಇದರಿಂದಲೇ.

2. ನಾದುವುದು: ರೊಟ್ಟಿ ಹಿಟ್ಟು ನಾದಿದಂತೆ ಮಾಂಸಖಂಡವನ್ನು ಹಿಡಿದು, ಹಿಸುಕಿ, ಬಿಡುವುದು.

3. ಒತ್ತಿ ತಿಕ್ಕುವುದು: ಬಿಗಿದು ಗಂಟಾದ ಜಾಗದಲ್ಲಿ ಹೆಬ್ಬೆರಳಿನಿಂದ ಒತ್ತಿ ಸಣ್ಣ ಸುತ್ತುಗಳಲ್ಲಿ ತಿಕ್ಕುವುದು.

4. ತಟ್ಟುವುದು: ಅಂಗೈ ಬಟ್ಟಲು ಮಾಡಿ ಲಘುವಾಗಿ ತಟ್ಟುವುದು. ಸೊಂಟ ನೋವಿರುವಾಗ ಇದರ ಅಗತ್ಯವಿಲ್ಲ.

ಮಾಲೀಸಿನಿಂದ ಆಗುವುದೇನು, ಆಗದಿರುವುದೇನು?

ಆಗುವುದು: ಬಿಗಿದ ಮಾಂಸಖಂಡ ಸಡಿಲವಾಗುತ್ತದೆ. ನೋವಿನ ಅರಿವು ಕೆಲ ಸಮಯ ತಗ್ಗುತ್ತದೆ. ಮನಸ್ಸಿಗೆ ನೆಮ್ಮದಿ ಸಿಕ್ಕಿ ನಿದ್ರೆ ಬರುತ್ತದೆ. ಅಮೆರಿಕದ ವೈದ್ಯರ ಸಂಸ್ಥೆಯೊಂದು 2017ರಲ್ಲಿ ನೀಡಿದ ಮಾರ್ಗಸೂಚಿಯಲ್ಲಿ, ಹೊಸ ಸೊಂಟ ನೋವಿಗೆ ಮಾತ್ರೆಗಿಂತ ಮೊದಲು ಶಾಖ, ಮಾಲೀಸು ಮುಂತಾದವನ್ನು ಪ್ರಯತ್ನಿಸಬಹುದು ಎಂದಿದೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಹಳೆಯ ಸೊಂಟ ನೋವಿನ ಬಗ್ಗೆ ಹೊರಡಿಸಿದ ಮಾರ್ಗಸೂಚಿಯಲ್ಲಿ ವ್ಯಾಯಾಮ, ತಿಳಿವಳಿಕೆ ಇವುಗಳ ಜೊತೆಗೆ ಮಾಲೀಸನ್ನೂ ಸೇರಿಸಿದೆ. ಸೊಂಟಕ್ಕೆ ಕಟ್ಟುವ ಬೆಲ್ಟು ಮತ್ತು ತೂಕ ಕಟ್ಟಿ ಎಳೆಯುವ ಚಿಕಿತ್ಸೆಯನ್ನು ಎಲ್ಲರಿಗೂ ವಾಡಿಕೆಯಾಗಿ ಕೊಡಬೇಡಿ ಎಂದೂ ಹೇಳಿದೆ. ಔಷಧಿ ಅಂಗಡಿಯಲ್ಲಿ ಬೆಲ್ಟು ಕೊಳ್ಳುವ ಮುನ್ನ ಇದು ನೆನಪಿರಲಿ.

ಆಗದಿರುವುದು: ಮಾಲೀಸಿನ ಗುಣ ಬಹುಮಟ್ಟಿಗೆ ಕೆಲವು ದಿನ ಅಥವಾ ವಾರಗಳದ್ದು. ಒಂದನ್ನೇ ನಂಬಿ, ವ್ಯಾಯಾಮ ಮಾಡದೆ, ಭಾರ ಎತ್ತುವ ರೀತಿ ಬದಲಿಸದೆ ಇದ್ದರೆ ನೋವು ಮರಳುತ್ತದೆ. ಕೆಚ್ಚಲು ಬಾವಿಗೆ ಔಷಧಿ ಹಾಕಿಸಿ ಕೊಟ್ಟಿಗೆಯ ನೆಲ ಗಲೀಜಾಗಿಯೇ ಬಿಟ್ಟಂತೆ ಆಗುತ್ತದೆ ಅದು.

"ಮೂಳೆ ಜಾರಿದೆ, ಕೂರಿಸುತ್ತೇನೆ" ಎಂದು ಹೇಳುವವರಿದ್ದಾರೆ. ಕೈಯಿಂದ ತಿಕ್ಕಿದರೆ ಬೆನ್ನುಮೂಳೆಯಾಗಲಿ ಡಿಸ್ಕ್ ಆಗಲಿ ಜಾಗ ಬದಲಿಸುವುದಿಲ್ಲ. ಮಾಲೀಸಿನಿಂದ ಮೈಯ ವಿಷ, ಲ್ಯಾಕ್ಟಿಕ್ ಆಮ್ಲ ಹೊರಗೆ ಹೋಗುತ್ತದೆ ಎಂಬುದೂ ನಿಜವಲ್ಲ. ದುಡಿದಾಗ ರಕ್ತದಲ್ಲಿ ಏರುವ ಆ ಪದಾರ್ಥ ಸುಮಾರು ಒಂದು ಗಂಟೆಯಲ್ಲಿ ತಾನಾಗಿಯೇ ಇಳಿಯುತ್ತದೆ. ಹೊರೆ ಹೊತ್ತ ಮರುದಿನ, ಮೂರನೇ ದಿನ ಬರುವ ಮೈಕೈ ನೋವು ಮಾಂಸಖಂಡದ ಎಳೆಗಳಿಗೆ ಆದ ಸೂಕ್ಷ್ಮ ಪೆಟ್ಟಿನಿಂದ ಬರುವಂತಹುದು.

ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಒದೆಸಿಕೊಳ್ಳುವುದು, ಬೆನ್ನು ತುಳಿಸಿಕೊಳ್ಳುವುದು ಇನ್ನೂ ಕೆಲವೆಡೆ ಇದೆ. ನಂಬಿಕೆಯನ್ನು ಹೀಗಳೆಯುವ ಉದ್ದೇಶ ನಮಗಿಲ್ಲ. ಆದರೆ ವಯಸ್ಸಾದ ತಾಯಂದಿರಲ್ಲಿ ಮೂಳೆ ಸವೆದು ಪೊಳ್ಳಾಗಿರುತ್ತದೆ. ಅಂತಹವರ ಬೆನ್ನಿನ ಮೇಲೆ ಕಾಲಿಟ್ಟರೆ ಮೂಳೆ ಮುರಿಯಬಹುದು. ಇದನ್ನು ಖಂಡಿತ ಮಾಡಿಸಬೇಡಿ.

ಮನೆಯಲ್ಲಿ ಮಾಲೀಸು ಮಾಡುವ ಕ್ರಮ

* ನೋವು ಹೊಸದಾಗಿ, ಪೆಟ್ಟಿನಿಂದ ಅಥವಾ ಮಾಂಸಖಂಡ ಸೆಳೆದು ಬಂದಿದ್ದರೆ ಮೊದಲ ಎರಡು ದಿನ ಒತ್ತಿ ತಿಕ್ಕಬಾರದು.
* ಚಾಪೆಯ ಮೇಲೆ ಬೋರಲಾಗಿ ಮಲಗಿಸಿ, ಹೊಟ್ಟೆಯ ಕೆಳಗೆ ಮಡಿಸಿದ ಕಂಬಳಿ, ಕಣಕಾಲಿನ ಕೆಳಗೆ ಸಣ್ಣ ದಿಂಬು ಇಡಿ.
* ಮಾಡುವವರ ಉಗುರು ಕತ್ತರಿಸಿರಬೇಕು. ಎಳ್ಳೆಣ್ಣೆ, ಕೊಬ್ಬರಿ ಎಣ್ಣೆ ಯಾವುದಾದರೂ ಆದೀತು. ಎಣ್ಣೆಯ ಕೆಲಸ ಕೈ ಜಾರುವಂತೆ ಮಾಡುವುದು. ಅದು ಉಗುರು ಬೆಚ್ಚಗಿರಲಿ, ಬಿಸಿ ಬೇಡ.
* ಮೊದಲು ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ 10 ನಿಮಿಷ ಶಾಖ ಕೊಡಿ. ಚರ್ಮ ಸುಡದಂತೆ ಮೊದಲು ಕೈಯಲ್ಲಿ ಮುಟ್ಟಿ ನೋಡಿ.
* ಬೆನ್ನುಮೂಳೆಯ ಮೇಲೆ ನೇರವಾಗಿ ಒತ್ತಬೇಡಿ. ಅದರ ಎರಡೂ ಪಕ್ಕದ ಮಾಂಸಖಂಡವೇ ಮಾಲೀಸಿನ ಜಾಗ. ಪೃಷ್ಠದ ಮಾಂಸಖಂಡವನ್ನೂ ನಾದಿ. ಸೊಂಟ ನೋವಿನವರಲ್ಲಿ ಅದೂ ಬಿಗಿದಿರುತ್ತದೆ.
* 5 ನಿಮಿಷ ನೀವಿ, 10 ನಿಮಿಷ ನಾದಿ ಮತ್ತು ಒತ್ತಿ, ಕೊನೆಯ 5 ನಿಮಿಷ ಮತ್ತೆ ನೀವಿ. ಒಟ್ಟು 20 ನಿಮಿಷ ಸಾಕು. ಹಾಯೆನಿಸುವ ನೋವಿನವರೆಗೆ ಒತ್ತಬಹುದು. ಉಸಿರು ಬಿಗಿಹಿಡಿಯುವಷ್ಟು ನೋವಾದರೆ ಒತ್ತಡ ಹೆಚ್ಚಾಯಿತೆಂದು ತಿಳಿಯಿರಿ.
* ಮುಗಿದ ಮೇಲೆ ಕೆಲ ಹೊತ್ತು ಓಡಾಡಿ. ಮರುದಿನ ಸ್ವಲ್ಪ ನೋವು ಕಾಣಬಹುದು. ಎರಡು ದಿನ ಕಳೆದರೂ ಹೆಚ್ಚುತ್ತಿದ್ದರೆ ಮಾಲೀಸು ನಿಲ್ಲಿಸಿ.

ಮಾಲೀಸು ಬಿಟ್ಟು ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

ಈ ಕೆಳಗಿನ ಯಾವುದೇ ಒಂದು ಕಂಡರೂ ಮಾಲೀಸು ಮಾಡಿಸಬೇಡಿ.

1. ಮೂತ್ರ ಕಟ್ಟುವುದು, ಮಲ ಮೂತ್ರ ಹಿಡಿತಕ್ಕೆ ಸಿಗದಿರುವುದು, ತೊಡೆ ಸಂದಿಯಲ್ಲಿ, ಕೂರುವ ಜಾಗದಲ್ಲಿ ಸ್ಪರ್ಶ ತಿಳಿಯದಿರುವುದು. ಇದು ತುರ್ತು. ಅದೇ ದಿನ, ರಾತ್ರಿಯಾದರೂ ಸರಿ, ದೊಡ್ಡ ಆಸ್ಪತ್ರೆಗೆ ಹೋಗಬೇಕು. ತಡವಾದರೆ ಕಾಯಂ ಊನ ಉಳಿಯಬಹುದು.
2. ಕಾಲಿನ ಬಲ ಕುಂದುವುದು, ಪಾದ ಎತ್ತಲಾಗದೆ ಎಳೆಯುವುದು.
3. ಬಿದ್ದ ಅಥವಾ ಹಸು ಒದ್ದ ನಂತರ ಬಂದ ತೀವ್ರ ನೋವು. ವಯಸ್ಸಾದವರಲ್ಲಿ ಸಣ್ಣ ಪೆಟ್ಟಿಗೂ ಇದು ಅನ್ವಯಿಸುತ್ತದೆ.
4. ಮಲಗಿದರೂ ತಗ್ಗದ, ರಾತ್ರಿ ಹೆಚ್ಚುವ ನೋವು. ಕಾರಣವಿಲ್ಲದೆ ತೂಕ ಇಳಿಯುವುದು. ಹಿಂದೆ ಕ್ಯಾನ್ಸರ್ ಆಗಿದ್ದವರು.
5. ಒಂದೇ ಕಾಲು ಅಥವಾ ಮೀನಖಂಡ ಊದಿ ಬಿಸಿಯಾಗಿರುವುದು. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ.
6. ಜ್ವರ, ಬೆವರು ಇವುಗಳೊಂದಿಗೆ ಬಂದ ಸೊಂಟ ನೋವು.

ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ಮಾಲೀಸು ಮಾಡಿಸಬಾರದು. ಆರನೆಯ ಲಕ್ಷಣವನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ.

ಕೊಟ್ಟಿಗೆಯಿಂದ ಬರುವ ಸೊಂಟ ನೋವು

ಸಂಘವೊಂದರ ಸದಸ್ಯರೊಬ್ಬರು, ಗಟ್ಟಿಮುಟ್ಟಾದ ಆಳು, ಸೊಂಟ ನೋವೆಂದು ಮೂರು ತಿಂಗಳು ಮಾಲೀಸು ಮಾಡಿಸಿಕೊಂಡರು. ತಿಕ್ಕಿದ ದಿನ ಹಾಯೆನಿಸುತ್ತಿತ್ತು, ಮರುದಿನ ಮತ್ತೆ ಅದೇ ನೋವು. ಹಸುವಿನ ಗರ್ಭ ಪರೀಕ್ಷೆಗೆ ಅವರ ಮನೆಗೆ ಹೋದಾಗ, ಅವರ ಪತ್ನಿ ಮಾತಿನ ನಡುವೆ ಹೇಳಿದರು: "ಸಂಜೆಯಾದರೆ ಇವರಿಗೆ ಜ್ವರ ಬರ್ತದೆ ಸಾರ್, ರಾತ್ರಿ ಅಂಗಿ ಒದ್ದೆಯಾಗೋ ಹಾಗೆ ಬೆವರ್ತಾರೆ." ಹಸುವಿನ ಬಗ್ಗೆ ವಿಚಾರಿಸಿದರೆ, ನಾಲ್ಕು ತಿಂಗಳ ಹಿಂದೆ ಅದು ಏಳನೇ ತಿಂಗಳಿನಲ್ಲಿ ಕಂದು ಹಾಕಿತ್ತು. ಸತ್ತೆ ಬೀಳದಿದ್ದಾಗ ಇವರೇ ಬರಿಗೈಯಲ್ಲಿ ಎಳೆದು ತೆಗೆದಿದ್ದರು. ಕೂಡಲೇ ವೈದ್ಯರ ಬಳಿ ಕಳುಹಿಸಿದೆವು. ರಕ್ತ ಪರೀಕ್ಷೆಯಲ್ಲಿ ಕಂದು ರೋಗ, ಅಂದರೆ ಬ್ರುಸೆಲ್ಲೋಸಿಸ್ ಎಂದು ಬಂತು. ರೋಗಾಣು ಬೆನ್ನುಮೂಳೆಯಲ್ಲಿ ಕುಳಿತಿತ್ತು. ಚಿಕಿತ್ಸೆಯ ನಂತರ ಅವರು ಈಗ ಎಂದಿನಂತೆ ಹಾಲು ಹಾಕುತ್ತಿದ್ದಾರೆ. ಆದರೆ ಮೂರು ತಿಂಗಳು ವ್ಯರ್ಥವಾಯಿತು. ತಿಕ್ಕಿದವರ ತಪ್ಪಲ್ಲ ಅದು. ಜ್ವರದ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ.

ಈ ರೋಗಾಣು ಕಂದು ಹಾಕಿದ ಕರು, ಸತ್ತೆ, ಗರ್ಭದ ನೀರು ಮತ್ತು ಹಸಿ ಹಾಲಿನ ಮೂಲಕ ಮನುಷ್ಯರಿಗೆ ಬರುತ್ತದೆ. ಕೈಯ ಸಣ್ಣ ಗಾಯವೂ ಸಾಕು. ಏರಿಳಿಯುವ ಜ್ವರ, ರಾತ್ರಿ ಬೆವರು, ಸುಸ್ತು, ಕೀಲು ನೋವು, ಸೊಂಟ ನೋವು ಇದರ ಲಕ್ಷಣಗಳು. ಸೊಂಟದ ಮೂಳೆ ಮತ್ತು ಅದರ ಕೆಳಗಿನ ಕೀಲುಗಳೆಂದರೆ ಈ ರೋಗಾಣುವಿಗೆ ಇಷ್ಟದ ಜಾಗ. ಚಿಕಿತ್ಸೆ ಇದೆ. ಆದರೆ ವೈದ್ಯರು ಬರೆದ ಔಷಧಿಗಳನ್ನು ಕನಿಷ್ಠ 6 ವಾರ ತಪ್ಪದೆ ತೆಗೆದುಕೊಳ್ಳಬೇಕು. ಬೆನ್ನುಮೂಳೆಗೆ ತಗುಲಿದ್ದರೆ 3 ತಿಂಗಳು ಅಥವಾ ಇನ್ನೂ ಹೆಚ್ಚು. ಹಾಯೆನಿಸಿತೆಂದು ನಡುವೆ ನಿಲ್ಲಿಸಿದರೆ ರೋಗ ಮರಳುತ್ತದೆ. ಬೆನ್ನುಮೂಳೆಯ ಕ್ಷಯವೂ ಹೀಗೆಯೇ ಜ್ವರ, ತೂಕ ಇಳಿಕೆಯೊಂದಿಗೆ ಬರಬಹುದು. ಆದ್ದರಿಂದ ಆಸ್ಪತ್ರೆಗೆ ಹೋದಾಗ, "ನಾವು ಹಸು ಸಾಕಿದ್ದೇವೆ, ನಮ್ಮ ಹಸು ಕಂದು ಹಾಕಿತ್ತು" ಎಂಬ ಎರಡು ಮಾತು ತಪ್ಪದೆ ವೈದ್ಯರಿಗೆ ಹೇಳಿ. ಯಾವ ಪರೀಕ್ಷೆ ಮಾಡಿಸಬೇಕೆಂಬುದು ಆ ಎರಡು ಮಾತಿನಿಂದ ಅವರಿಗೆ ಹೊಳೆಯಬಹುದು.

ತಡೆಯುವ ಕ್ರಮಗಳು ಹೀಗಿವೆ. ಕಂದು ಹಾಕಿದ ಕರು, ಸತ್ತೆಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕೈಗವಸು ಇಲ್ಲದಿದ್ದರೆ ತೂತಿಲ್ಲದ ಪ್ಲಾಸ್ಟಿಕ್ ಚೀಲವನ್ನಾದರೂ ಕೈಗೆ ಹಾಕಿಕೊಳ್ಳಿ. ನಾಯಿಗಳಿಗೆ ಸಿಗದಂತೆ ಸುಣ್ಣ ಹಾಕಿ ಆಳವಾಗಿ ಹೂಳಿ. ಗರ್ಭಿಣಿಯರನ್ನು ದೂರವಿಡಿ. ಹಾಲನ್ನು ಕಾಯಿಸದೆ ಕುಡಿಯಬೇಡಿ. ಹಸು ಕಂದು ಹಾಕಿದರೆ ಮುಚ್ಚಿಡದೆ ಪಶುವೈದ್ಯರಿಗೆ ತಿಳಿಸಿ ರಕ್ತ ಪರೀಕ್ಷೆ ಮಾಡಿಸಿ. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಜೀವಮಾನದಲ್ಲಿ ಒಮ್ಮೆ ಕಂದು ರೋಗದ ಲಸಿಕೆ ಹಾಕಿಸಿ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಈ ಲಸಿಕೆಯೂ ಸೇರಿದೆ. ಇದು ಜೀವಂತ ರೋಗಾಣುವಿನ ಲಸಿಕೆಯಾದ್ದರಿಂದ ನೀವೇ ಚುಚ್ಚುವ ಸಾಹಸ ಬೇಡ.

ನೋವು ಮರಳದಂತೆ ಏನು ಮಾಡಬೇಕು?

* ಭಾರ ಎತ್ತುವಾಗ ಸೊಂಟ ಬಗ್ಗಿಸದೆ ಮಂಡಿ ಬಗ್ಗಿಸಿ. ವಸ್ತು ಮೈಗೆ ಹತ್ತಿರವಿರಲಿ. ಎತ್ತಿಕೊಂಡು ಸೊಂಟ ತಿರುಚಬೇಡಿ. ಪಾದ ಸರಿಸಿ ತಿರುಗಿ.
* ತುಂಬಿದ ಕ್ಯಾನು, ಪಶು ಆಹಾರದ ಚೀಲವನ್ನು ಇಬ್ಬರು ಸೇರಿ ಎತ್ತಿ. ಒಂದು ದೊಡ್ಡ ಬಕೆಟ್ಟಿಗಿಂತ ಎರಡು ಕೈಗೆ ಎರಡು ಸಣ್ಣ ಬಕೆಟ್ ಲೇಸು.
* ಹಾಲು ಕರೆಯಲು ಗಿಡ್ಡ ಮಣೆ ಅಥವಾ ಮುಕ್ಕಾಲಿ ಬಳಸಿ. ಸಗಣಿ ಬಾಚಲು ಉದ್ದ ಹಿಡಿಯ ಸಲಿಕೆ ಮಾಡಿಸಿ.
* ಗೋದಲಿಯನ್ನು ಮೇವು ಹಾಕಲು ಬಗ್ಗಬೇಕಾಗದ ಎತ್ತರಕ್ಕೆ ಕಟ್ಟಿಸಿ.
* ದಿನವೂ 10 ನಿಮಿಷ ವ್ಯಾಯಾಮ: ಅಂಗಾತ ಮಲಗಿ ಒಂದೊಂದೇ ಮಂಡಿಯನ್ನು ಎದೆಗೆ ತರುವುದು, ಮಂಡಿ ಮಡಿಸಿ ಪಾದ ಊರಿ ಸೊಂಟ ಮೇಲೆತ್ತುವುದು, ಮಂಡಿ ಮತ್ತು ಕೈ ಊರಿ ಬೆನ್ನನ್ನು ಬೆಕ್ಕಿನಂತೆ ಉಬ್ಬಿಸಿ ಇಳಿಸುವುದು. ಪ್ರತಿಯೊಂದನ್ನೂ 10 ಬಾರಿ ಮಾಡಿ.
* ಬರಿಗೈಯಲ್ಲಿ ನಡೆಯಿರಿ. ಆಸ್ಟ್ರೇಲಿಯಾದಲ್ಲಿ 701 ಜನರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕ್ರಮವಾಗಿ ನಡಿಗೆ ಮಾಡಿದ ಗುಂಪಿನಲ್ಲಿ ನೋವು ಮರಳಲು ಹಿಡಿದ ಮಧ್ಯಮ ಅವಧಿ 208 ದಿನ. ಮಾಡದವರಲ್ಲಿ 112 ದಿನ.

ಸದಸ್ಯರು ಕೇಳುವ ಪ್ರಶ್ನೆಗಳು

ಪ್ರಶ್ನೆ: ಸೊಂಟ ಹಿಡಿದಾಗ ಹಾಸಿಗೆ ಬಿಟ್ಟು ಏಳಬಾರದೇ?
ಉತ್ತರ: ತೀವ್ರ ನೋವಿದ್ದರೆ ಒಂದೆರಡು ದಿನ ವಿಶ್ರಾಂತಿ ಸಾಕು. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ನಡೆದು 1995ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಲಗಿದವರಿಗಿಂತ ಸಾಧ್ಯವಾದಷ್ಟು ಎಂದಿನ ಕೆಲಸ ಮಾಡಿಕೊಂಡವರೇ ಬೇಗ ಗುಣ ಹೊಂದಿದರು. ಭಾರ ಮಾತ್ರ ಎತ್ತಬೇಡಿ.

ಪ್ರಶ್ನೆ: ದಿನವಿಡೀ ಕೊಟ್ಟಿಗೆ, ಹೊಲದಲ್ಲಿ ದುಡಿಯುತ್ತೇವೆ. ಮತ್ತೆ ವ್ಯಾಯಾಮ ಬೇರೆ ಏಕೆ?
ಉತ್ತರ: ದುಡಿಮೆಯಲ್ಲಿ ಒಂದೇ ಕಡೆಗೆ ಬಗ್ಗುತ್ತೀರಿ, ಒಂದೇ ಮಾಂಸಖಂಡ ದಣಿಯುತ್ತದೆ. ಉಳಿದವಕ್ಕೂ ಬಲ ಬರಲಿ ಎಂಬುದಕ್ಕೆ ವ್ಯಾಯಾಮ.

ಪ್ರಶ್ನೆ: ಹಸುವಿಗೆ ತರುವ ನೋವಿನ ಔಷಧಿಯನ್ನು ನಾವು ಬಳಸಬಹುದೇ?
ಉತ್ತರ: ಖಂಡಿತ ಬೇಡ. ಅದರ ಪ್ರಮಾಣ, ತಯಾರಿಕೆ ಎರಡೂ ದನಕ್ಕೆ ಹೊಂದುವಂತಹುದು.

ಮನೆಯಲ್ಲಿ ಸೊಂಟ ನೋವಿನವರು ಯಾರಾದರೂ ಇದ್ದರೆ ಇಂದು ಸಂಜೆ ಮೂರು ಪ್ರಶ್ನೆ ಕೇಳಿ. ಜ್ವರ, ಬೆವರು ಇದೆಯೇ? ಕಾಲಿನ ಬಲ ಕುಂದಿದೆಯೇ? ಮೂತ್ರ ಸರಾಗವಾಗಿ ಆಗುತ್ತಿದೆಯೇ? ಮೂರರ ಉತ್ತರವೂ ಸರಿಯಾಗಿದ್ದು, ಮೇಲೆ ಹೇಳಿದ ಬೇರೆ ಲಕ್ಷಣಗಳೂ ಇಲ್ಲದಿದ್ದರೆ, ಎಣ್ಣೆ ಬೆಚ್ಚಗೆ ಮಾಡಿ ಮಾಲೀಸು ಮಾಡಿ. ಒಂದು ತಪ್ಪಿದರೂ ಎಣ್ಣೆ ಬಟ್ಟಲು ಬದಿಗಿಟ್ಟು ವೈದ್ಯರ ಬಳಿ ಕರೆದುಕೊಂಡು ಹೋಗಿ. ಹಸು ಮೇವು ಬಿಟ್ಟಾಗ ತೋರಿಸುವ ಅವಸರವನ್ನು ಮನೆಯವರ ಬೆನ್ನಿಗೂ ತೋರಿಸಿ.